ಪ್ಲಗ್ ಕಿತ್ತ ಮೇಲೆ

ಬಿದ್ದಪ್ಪನ ಗಂಟಲೊಳಗೆ ಮೆಣಸಿನಕಾಳಿನಷ್ಟು ಗಂಟು.
ಮೈಸೂರಿನ ಡಾಕ್ಟರು ಹೇಳಿದರು:
ಕಿರುಚಬೇಡ, ಪಿಸುಗುಟ್ಟಲೂ ಬೇಡ,
ನಡುವೆ ಎಲ್ಲಾದರೂ ಹಾಡಿಕೋ.
ಹನ್ನೊಂದು ವರ್ಷ, ಕೆಂಜಿಗ ಬ್ಯಾಂಡಿನವರು ನಾವು,
ನಡುವೆ ಎಂಬ ಊರಿಗೆ ಒಮ್ಮೆಯೂ ಹೋದವರಲ್ಲ.

ಹಾಗಾಗಿ ಅಮ್ಮತ್ತಿಯ ಕ್ಯೂರಿಂಗ್ ವರ್ಕ್ಸ್, ಫೆಬ್ರವರಿಯ ಶನಿವಾರ.
ಬೊಳ್ಳಮ್ಮ ಆಂಟಿ ಗೋದಾಮು ಕೊಟ್ಟರು, ಒಂದೇ ಕರಾರು:
ಸಿಗರೇಟು ಹಚ್ಚಿದವನು ಹೊರಗೆ, ಹಾಡಿನ ಮಧ್ಯದಲ್ಲಾದರೂ.
‘ಬೀಜ ಸಿಕ್ಕಿದ್ದನ್ನೆಲ್ಲ ಹೀರುತ್ತದೆ ಮಕ್ಕಳೇ,
ನಿಮ್ಮ ಗಲಾಟೆಯನ್ನೂ ಹೀರಿದರೆ
ಇಟಲಿಯವರಿಗೆ ನಾನು ಏನು ಹೇಳಲಿ?’

ಮದುವೆ ಹಾಲಿನಿಂದ ತಂದ ಕುರ್ಚಿ ನೂರಿಪ್ಪತ್ತು.
ಚೋಂದಮ್ಮನಿಗೆ ಮರದ ಗಿಟಾರು, ಬೆರಳು ಕೊಯ್ಯುವ ಹೊಸ ತಂತಿ.
ಸಿದ್ದಾಪುರದ ಸುಲೈಮಾನನಿಗೆ ಗುಡಾಣ ಹೊಟ್ಟೆಯ ಬೇಸ್.
ನನಗೆ ಏನೂ ಇಲ್ಲ.

ನನ್ನ ಜೋಡಿ ಪೆಡಲು, ಏಳು ಸಿಂಬಲ್ಲು, ಸ್ಟ್ಯಾಂಡಿನ ಕಬ್ಬಿಣದ ಕಾಡು
ಅತ್ತೆಮನೆಯ ಕಾರ್ ಶೆಡ್ಡಿನಲ್ಲಿ, ಟಾರ್ಪಾಲಿನಡಿ.
ನಾನು ಕೂತದ್ದು ಅರ್ಧ ತುಂಬಿದ ರೊಬಸ್ಟಾ ಮೂಟೆಯ ಮುಂದೆ.
ಅಂಗೈಯಲ್ಲಿ ಬಡಿದರೆ ಧಪ್.
ಬೆರಳಲ್ಲಿ ತಟ್ಟಿದರೆ, ಒಳಗೆ ಬೀಜ ಜಾರುವ ಸರ್.
ಆಮೇಲೆ ಯಾರೋ ಬರೆದರು, ದುಡಿಯ ಲಯ ಇವನ ರಕ್ತದಲ್ಲೇ ಇದೆ ಎಂದು.
ಇಲ್ಲ ಸ್ವಾಮಿ. ಗೋಣಿಯ ಧೂಳು ಮೂಗಿನಲ್ಲಿತ್ತು,
ಸೀನು ತಡೆದುಕೊಂಡು ಬಡಿದದ್ದು ಅದು.

ಮೂರನೇ ಹಾಡಿನಲ್ಲಿ ಯಾರದೋ ಮಗು ಕೆಮ್ಮುತ್ತದೆ.
ಐದರಲ್ಲಿ ಕುರ್ಚಿಯೊಂದು ಕಿರುಗುಡುತ್ತದೆ, ಬಿದ್ದಪ್ಪನಿಗಿಂತ ಒಳ್ಳೆಯ ಶ್ರುತಿಯಲ್ಲಿ.
ಏಳನೆಯದು ‘ಬಾಗಿಲು’.

ಅದು ನಮ್ಮ ದೊಡ್ಡ ಹಾಡು.
ಗೋಣಿಕೊಪ್ಪದ ಮೈದಾನದಲ್ಲಿ ಎರಡೂ ಕಾಲಲ್ಲಿ ನಾನು ನೆಲ ಅಗೆಯುವಾಗ
ಹುಡುಗರು ಅಂಗಿ ಬಿಚ್ಚಿ ಬೀಸುತ್ತ ಕೂಗುತ್ತಿದ್ದರು,
ಬಾಗಿಲು ಒಡೆ, ಒಡೆ, ಒಡೆ!
ನಾನೂ ಕೂಗುತ್ತಿದ್ದೆ, ಹನ್ನೊಂದು ವರ್ಷ.

ಆ ರಾತ್ರಿ ಬಿದ್ದಪ್ಪ ಕಣ್ಣು ಮುಚ್ಚಿ,
ಊಟಕ್ಕೆ ಕರೆಯುವಷ್ಟೇ ದನಿಯಲ್ಲಿ,
ಬಾಗಿಲು ಓರೆ, ಎಂದ.
ಬಾಗಿಲು ಓರೆ ಮಾಡಿಡು, ಚಿಲಕ ಬೇಡ,
ನಾಯಿಗೆ ಗುರುತಿದೆ.

ನನ್ನ ಕೈ ಗೋಣಿಯ ಮೇಲೇ ನಿಂತಿತು.
ಚೋಂದಮ್ಮ ನನ್ನತ್ತ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ.
ಸುಲೈಮಾನ ಮಾತ್ರ ತಲೆ ಎತ್ತಲಿಲ್ಲ.

ಕೊನೆಯ ಸಾಲಾದ ಮೇಲೆ ನಾನು ಭಾರಿ ಏಟು ಕೊಡುತ್ತಿದ್ದ ಜಾಗ.
ಕೊಡಲಿಲ್ಲ.
ಆ ಖಾಲಿಗೆ, ಅರ್ಧ ಮಾತ್ರೆ ತಡವಾಗಿ,
ಪಕ್ಕದ ತೋಟದಿಂದ ಆನೆ ಅಟ್ಟುವವರ ಪಟಾಕಿ:
ಢಂ.

ಜನ ನಕ್ಕರು. ಬಿದ್ದಪ್ಪನೂ ನಕ್ಕ, ನಕ್ಕು ಗಂಟಲು ಹಿಡಿದುಕೊಂಡ.
ಮಿಕ್ಸಿಂಗಿನವನು ಅಳಿಸಲೇ ಎಂದು ಕೇಳಿದ.
ಬೇಡ ಎಂದೆ. ಅದೊಂದೇ ನಾನು ಬಾರಿಸದೆ ಬಾರಿಸಿದ್ದು.
ಕವರಿನ ಹಿಂದೆ ಇದೆ ನೋಡಿ, ಇರುವೆಯಷ್ಟು ಅಕ್ಷರ:
ಏಳನೇ ಹಾಡಿನ ಕೊನೆಯ ಏಟು, ವಾಚರ್ ಚಾತ.

ಯಾರಿಗೆಂದು ಆ ಬಾಗಿಲು? ನಾನಿನ್ನೂ ಕೇಳಿಲ್ಲ.

ಗಂಟು ಈಗ ಕರಗಿದೆ. ಮೊನ್ನೆ ಮೂರ್ನಾಡಿನಲ್ಲಿ
ಮತ್ತೆ ಆಳೆತ್ತರದ ಸ್ಪೀಕರು, ಮತ್ತೆ ಬಿಚ್ಚಿದ ಅಂಗಿ.
ಒಡೆ ಒಡೆ ಎಂದಿತು ಮೈದಾನ.
ಬಿದ್ದಪ್ಪ ತಿದ್ದಲಿಲ್ಲ, ಮೈಕನ್ನು ಅವರತ್ತಲೇ ಚಾಚಿದ.
ನಾನು ಕೈಸೋಲುವಷ್ಟು ಬಡಿದೆ,
ಎಡಗಾಲನ್ನು ಮಾತ್ರ ಒಂದಿಷ್ಟು ಎತ್ತಿಯೇ ಇಟ್ಟಿದ್ದೆ:
ಜೋಡಿ ಸಿಂಬಲ್ಲು ಪೂರ್ತಿ ಮುಚ್ಚಿಕೊಳ್ಳದಂತೆ.