ಮೊದಲು ನನ್ನ ನಾಲಿಗೆಗೆ

ಇರು ಮಗಾ, ಇರು.
ಮೊದಲು ನನ್ನ ನಾಲಿಗೆಗೆ, ಆಮೇಲೆ ನಿನ್ನ ಕೈಗೆ.

ಒಂದು ಹಿಡಿ ಅಕ್ಕಿಹಿಟ್ಟು,
ತಣ್ಣೀರಲ್ಲಿ ಗಂಟಿಲ್ಲದಂಗೆ ಕದಡಿ
ಸಣ್ಣ ಉರೀಲಿ ತಿರುವ್ತಾ ನಿಂತಿವ್ನಿ.
ಗಂಜಿ ಕನ್ನಡಿಯಂಗೆ ಹೊಳೆಯೋಗಂಟ ಕೈ ಬಿಡಂಗಿಲ್ಲ.
ನಿಮ್ಮಜ್ಜಿ ಒಲೆ ಪಕ್ಕ ನಗ್ತಾವ್ಳೆ:
ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ
ಈವಪ್ಪನ ಕೈಗೆ ಸೌಟು ಬಂತು ನೋಡು ಅಂತ.

ಲಿಂಗು ಆರ್ಟ್ಸ್, ಗುತ್ತಲು ರಸ್ತೆ, ಮಂಡ್ಯ.
ಈ ಊರಲ್ಲಿ ನಾನು ಬರೀದೇ ಇರೋ ಗೋಡೆ ಇರಲಿಲ್ಲ.
ಕಬ್ಬಿನ ಲಾರಿ ಹಿಂದೆ ‘ನಿಧಾನವೇ ಪ್ರಧಾನ’,
ಹೋಟ್ಲು ಮೂಲೇಲಿ ‘ಕೈ ತೊಳೆಯುವ ಸ್ಥಳ’,
ಸ್ಕೂಲು ವ್ಯಾನಿಗೆ ಮೈತುಂಬ ಹಳದಿ.
ಕುಂಚದ ತುದಿ ಚೂಪಾಗ್ಬೇಕಲ್ಲ,
ಹಿಂಗೆ ತುಟಿ ಮಧ್ಯೆ ಇಟ್ಟು ಎಳೀತಿದ್ದೆ.
ಕೆಂಪು ಒಂಥರಾ ಸೀ.
ಹಳದಿ ಇನ್ನೊಂಥರಾ ಸೀ.
ಅದು ಸೀಸದ ಸೀ ಅಂತ
ಡಬ್ಬಿ ಮೇಲೆ ಇರುವೆಯಷ್ಟು ಅಕ್ಷರದಲ್ಲಿ ಬರೆದಿದ್ರಂತೆ.
ಆಳೆತ್ತರ ಬರೆಯೋನು ನಾನು, ಇರುವೆ ಓದಲಿಲ್ಲ.
ಹೊಟ್ಟೆ ಹಿಂಡಿ ಮೂರು ದಿನ
ಆಸ್ಪತ್ರೆ ಮಂಚದಲ್ಲಿ ಬಿದ್ದಾಗ
ನಿಮ್ಮಮ್ಮ ನಿನ್ನಷ್ಟೇ ಇದ್ಲು,
ನನ್ನ ಬಣ್ಣದ ಅಂಗಿ ಚೀಪ್ತಾ ಮಲಗೋಳು.
ಅದೊಂದು ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

ಅದಕ್ಕೇ ಇರು ಅಂದಿದ್ದು.

ಪಾಕೀಟಿನ ಅರಿಶಿನ ಬೇಡ ಅಂದೆ.
ಆ ಹೊಳಪು ನಂಗೆ ಗೊತ್ತು, ಸ್ಕೂಲು ವ್ಯಾನಿನ ನೆಂಟ.
ಇದು ಸಂತೇಲಿ ಕೊಂಬು ತಂದು, ತೊಳೆದು, ಒಣಗಿಸಿ
ಒಳಕಲ್ಲಲ್ಲಿ ಕುಟ್ಟಿದ್ದು.
ಮಂಕು ಹಳದಿ, ಆದ್ರೆ ಮರ್ಯಾದಸ್ಥ ಹಳದಿ.
ಸುಣ್ಣ ಬೆರೆಸಿದ್ರೆ ಕೆಂಪಾಗ್ತದೆ, ಓಕುಳಿಗೆ ಸೈ,
ಬಾಯಿಗೆ ಹೋಗೋದಕ್ಕೆ ಸುಣ್ಣ ಯಾಕೆ?
ಕೆಂಪಿಗೆ ಬೀಟ್ರೂಟು ತುರಿದು ಬಟ್ಟೇಲಿ ಹಿಂಡಿವ್ನಿ.
ಹಿತ್ತಲ ಬೇಲಿಯ ಬಸಳೆ ಹಣ್ಣು ಒಂದು ಬೊಗಸೆ,
ಅಬ್ಬಾ, ಆ ನೇರಳೆ!
ಇಷ್ಟು ವರ್ಷ ಬೇಲೀಲೇ ಇತ್ತು,
ನಾನು ಡಬ್ಬೀಲಿ ಹುಡುಕ್ತಿದ್ದೆ.

ರುಚಿಗೆ ಒಂದು ಚಮಚ ಜೇನು ಅಂದ್ಲು ನಿಮ್ಮಜ್ಜಿ.
ವರ್ಷ ತುಂಬೋಗಂಟ ಜೇನು ಮುಟ್ಟಿಸ್ಬೇಡಿ ಅಂತ
ಡ್ಯೂಟಿಗೆ ಹೊರಡೋವಾಗ ಎರಡು ಸಲ ಹೇಳವ್ಳೆ ನಿಮ್ಮಮ್ಮ.
ನೀಲಿ ಮಾತ್ರ ಆಗಲಿಲ್ಲ.
ಬಟ್ಟೆಗೆ ಹಾಕೋ ನೀಲಿ ಒಂದು ತೊಟ್ಟು ಬಿಡಿ
ಅಂದ್ರು ಪಕ್ಕದ್ಮನೆ ಜವರಮ್ಮ.
ಬೇಡ ತಾಯಿ,
ಆಕಾಶ ಇಲ್ಲದಿದ್ರೂ ನಡೀತದೆ.

ಹಜಾರದಲ್ಲಿ ನೇತು ಹಾಕಿದ್ದ ನನ್ನದೇ ಬೋರ್ಡು,
ನೀನು ತೆವಳೋದು ಕಲಿತ ದಿನ ಇಳಿಸಿ
ಗುಜರಿಯೋನಿಗೆ ಕೊಟ್ಬಿಟ್ಟೆ.
‘ಲಿಂಗು’ ಚಕ್ಕೆ ಚಕ್ಕೆಯಾಗಿ ಉದುರ್ತಿದ್ದ.
ಕಿಲೋ ಲೆಕ್ಕದಲ್ಲಿ ನೂರಾ ಹತ್ತು ರೂಪಾಯಿ ಬಂತು ಹೆಸರಿಗೆ.

ಈಗ ಬಾ.
ಬೆರಳದ್ದಿ ನೋಡಿದೆ, ಬಿಸಿ ಆರೈತೆ.
ನಾಲಿಗೆಗಿಟ್ಟೆ: ಮಣ್ಣು, ಗೆಡ್ಡೆ, ಅನ್ನ.
ಆ ಹಳೇ ಸೀ ಇಲ್ಲ.
ಕ್ಯಾಲೆಂಡರಿನ ಬೆನ್ನು ಹಾಸಿವ್ನಿ, ಕೂತ್ಕೋ ಇಂಚರಾ.
ಅಳತೆ ದಾರ ಬೇಡ, ಸೀಮೆಸುಣ್ಣದ ಗೆರೆ ಬೇಡ.

ನೀನು ಅಂಗೈ ಅದ್ದಿದೆ. ತಿರುಗಿಸಿ ನೋಡಿದೆ.
ಸೀದಾ ಬಾಯಿಗೆ.
ನನ್ನೆದೆ ಒಂದು ಸಲ ಝಲ್ ಅಂತು.
ನೀನು ನಕ್ಕೆ, ನಾಲಿಗೆಯೆಲ್ಲ ನೇರಳೆ.
ಎರಡನೇದು ನನ್ನ ಬಿಳಿ ಪಂಚೆಗೆ.
ಮೂರನೇದು, ಹೋಗ್ಲಿ ಪಾಪ ಅಂತ, ಕಾಗದಕ್ಕೆ.

ನನ್ನ ಬಣ್ಣಕ್ಕೆ ಐದು ಮಳೆಗಾಲ ಗ್ಯಾರಂಟಿ ಕೊಡ್ತಿದ್ದೆ.
ಇದು ರಾತ್ರಿಗೆ ಹುಳಿ, ನಾಳೆಗೆ ಚರಂಡಿ.
ಆಗಲಿ, ಬೇಲೀಲಿ ಹಣ್ಣು ಇನ್ನೂ ಐತೆ.

ಬೆಳಿಗ್ಗೆ ಕನ್ನಡಕ ಹುಡುಕಿ, ಬಗ್ಗಿ ನೋಡ್ತೀನಿ:
ಕಾಗದದ ಮೇಲೆ ನಿನ್ನ ಐದು ಬೆರಳು,
ಸುತ್ತ ಇರುವೆ ಸಾಲು.
ನಿಧಾನಕ್ಕೆ, ಅಕ್ಷರ ಅಕ್ಷರ, ತಿಂತಾವೆ.
ಒಂದೂ ಸತ್ತಿಲ್ಲ.