ಏಳು ಪ್ಲೇಟು, ಒಂದು ಕಾಲು

ಎಡಗೈ ಮೇಲೆ ಏಳು ಪ್ಲೇಟು ಮಸಾಲೆದೋಸೆ
ಮೊಣಕೈವರೆಗೆ ಸಾಲಾಗಿ ಕೂರಿಸಿ,
ಬಲಗೈ ಬೆರಳ ಸಂದಿಗೆ ನಾಲ್ಕು ಲೋಟ ನೀರು ಸಿಕ್ಕಿಸಿ
ಘಾಟ್ಕೋಪರಿನ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ
ಒದ್ದೆ ನೆಲದ ಮೇಲೆ ನಡೆದವನು ನಾನು.
ಈಗ ವಿಕ್ರೋಲಿಯ ಸೊಸೈಟಿ ಹಾಲಿನಲ್ಲಿ
ಬರಿಗೈ, ಬರಿಗಾಲು,
ಒಂದೇ ಕಾಲ ಮೇಲೆ
ನಾಲ್ಕು ಎಣಿಸುವಷ್ಟು ಹೊತ್ತು ನಿಲ್ಲಲಾರೆ.

ಆದದ್ದಿಷ್ಟು: ಆಷಾಢದ ಒಂದು ಬೆಳಗ್ಗೆ
ಹಾಸಿಗೆಯಿಂದ ಎದ್ದರೆ ಗೋಡೆ ತಿರುಗಿತು.
ಕಿವಿಯೊಳಗೆ ಮರಳಿನಂಥದ್ದೇನೋ ಜಾರಿದೆ ಎಂದರು ಡಾಕ್ಟರು,
ತಲೆ ಹಿಡಿದು ಅತ್ತಿತ್ತ ಹೊರಳಿಸಿದರು.
ತಿರುಗುವುದು ನಿಂತಿತು.
ಭಯ ನಿಲ್ಲಲಿಲ್ಲ.
ಮೆಟ್ಟಿಲಿಳಿಯಲು ಕಂಬಿ, ರಸ್ತೆ ದಾಟಲು ಜಲಜಳ ಹೆಗಲು,
ಬಚ್ಚಲಲ್ಲಿ ನಲ್ಲಿಯನ್ನೇ ಹಿಡಿದುಕೊಂಡೆ.

ವೃಂದಾ ಟಿಪ್ಣಿಸ್ ನನ್ನ ಮಗಳಿಗಿಂತ ಚಿಕ್ಕವಳು.
"ಕಾಕಾ, ಗೋಡೆ ಹತ್ತಿರ ನಿಲ್ಲಿ,
ಬೆರಳ ತುದಿ ತಾಗಿದರೆ ಸಾಕು, ಒರಗಬೇಡಿ" ಎಂದಳು.
ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ;
ಮೂರು ಕಲ್ಲಿನ ಒಲೆಯಂತೆ ಪಾದ ಊರಬೇಕು.
ಅರವತ್ತಮೂರು ವರ್ಷ ಜೊತೆಗಿದ್ದ ಪಾದದಲ್ಲಿ
ಇಷ್ಟೊಂದು ಜಾಗಗಳಿವೆಯೆಂದು ನನಗೆ ಗೊತ್ತಿರಲಿಲ್ಲ.

ಹಾಲಿನ ಹಿಂದೆಯೇ ರೈಲು ಹಳಿ.
ಕಸಾರಾ ಫಾಸ್ಟ್ ಹೋದಾಗ ನೆಲ ನಡುಗುತ್ತದೆ,
ಅದಕ್ಕೂ ಮೊದಲೇ ನನ್ನ ಕಣಕಾಲು.
"ನಡುಗಲಿ ಬಿಡಿ, ಅದು ಕಲಿಯುತ್ತಿದೆ.
ಒಂದು ಕಡೆ ದೃಷ್ಟಿ ಇಡಿ."

ಮೊದಲ ವಾರ ಹಲ್ಲಿಯೊಂದರ ಮೇಲಿಟ್ಟೆ. ಅದು ಹೋಯಿತು, ನಾನೂ ಹೋದೆ.
ಆಮೇಲೆ ಫ್ಯಾನಿನ ಸ್ವಿಚ್ಚು. ಯಾರೋ ಅಡ್ಡ ಬಂದು ಒತ್ತಿದರು.
ಈಗ ಸುಣ್ಣ ಎದ್ದುಹೋದ ಒಂದು ಕಲೆ,
ಹಪ್ಪಳದಷ್ಟಗಲ.
ಅದು ಎಲ್ಲಿಗೂ ಹೋಗುವುದಿಲ್ಲ,
ಸೊಸೈಟಿಯ ಸೆಕ್ರೆಟರಿಯನ್ನು ನಾನು ಬಲ್ಲೆ.

ಪ್ಲೇಟು ಹೊರುವಾಗಲೂ ಪ್ಲೇಟು ನೋಡುತ್ತಿರಲಿಲ್ಲ ನಾನು.
ಹೊಸ ಹುಡುಗರಿಗೆ ಹೇಳುತ್ತಿದ್ದೆ:
ಕಾಫಿ ನೋಡಿದರೆ ಕಾಫಿ ಚೆಲ್ಲುತ್ತದೆ, ಟೇಬಲು ನೋಡು.
ಅಷ್ಟು ವರ್ಷದಲ್ಲಿ ಬೀಳಿಸಿದ್ದು ಒಮ್ಮೆ.
ಎಲ್ಲರಿಗೂ ನಾನು ಅಣ್ಣಾ, ಇಲ್ಲವೇ ಏ, ಇಲ್ಲವೇ ಬರಿ ಚಿಟಿಕೆ.
ಅಂದು ಹನ್ನೊಂದನೇ ಟೇಬಲಿನಿಂದ ಯಾರೋ
"ಬಚ್ಚ ಶೇರಿಗಾರ್ರ ಮಗ ಶೀನ ಅಲ್ದಾ?"
ಎಂದುಬಿಟ್ಟ.
ತಿರುಗಿದೆ.
ಐದು ಪ್ಲೇಟು, ಎರಡು ಬಟ್ಟಲು ಸಾಂಬಾರು,
ಒಬ್ಬ ಸೇಠರ ಬಿಳಿ ಪ್ಯಾಂಟು.
ನೆಲ ಒರೆಸಿ ಏಳುವಷ್ಟರಲ್ಲಿ
ಕರೆದವನು ಬಿಲ್ಲು ಕೊಟ್ಟು ಹೋಗಿದ್ದ.
ಯಾರೆಂದು ಇಂದಿಗೂ ತಿಳಿಯದು.
ಸಂಬಳದಲ್ಲಿ ಮುರಿದುಕೊಂಡರು.

ಹಲ್ಲುಜ್ಜುವಾಗಲೂ ಅಭ್ಯಾಸ ಮಾಡಿ ಎಂದಿದ್ದಾಳೆ ವೃಂದಾ:
ಮೇಲಿನ ಸಾಲಿಗೆ ಬಲಗಾಲು, ಕೆಳಗಿನದಕ್ಕೆ ಎಡಗಾಲು.
"ಕೊಕ್ಕರೆ ಆಪುಕೆ ಹೊರಟ್ರಿಯಾ?" ಎಂದು ನಗುತ್ತಾಳೆ ಜಲಜ.
ಒಗ್ಗರಣೆ ಸಿಡಿಯುವತನಕ
ಕಟ್ಟೆಗೆ ಒಂದು ಬೆರಳು ತಾಗಿಸಿ
ಅವಳೂ ಕಾಲೆತ್ತಿ ನಿಂತದ್ದನ್ನು ಬಾಗಿಲ ಸಂದಿಯಿಂದ ಕಂಡಿದ್ದೇನೆ.
ಕಾಣದವನ ಹಾಗೆ ಇದ್ದೇನೆ.

ನಿನ್ನೆ ಹದಿನೇಳರವರೆಗೆ ಹೋಯಿತು.
ಗೋಡೆ ಬಿಟ್ಟಿದ್ದೆ, ಕೈ ಎರಡೂ ಮೇಲಿದ್ದವು,
ಹೊರಲು ಏನೂ ಇಲ್ಲದೆ ಅವಕ್ಕೆ ನಾಚಿಕೆ.
ಹದಿನೆಂಟು ಎನ್ನುವಾಗ ಹಾಲಿನ ಆ ತುದಿಯಿಂದ
"ಶಾಬಾಸ್, ಶೀನಪ್ಪ ಕಾಕಾ!"
ಹೆಸರು ಕಿವಿಗೆ ಬಿತ್ತು.
ಕಣ್ಣು ಹಪ್ಪಳದಲ್ಲೇ ಇತ್ತು.
ಕಣಕಾಲು ನಡುಗಿತು, ಅದೇ ಹೊತ್ತಿಗೆ ಕಸಾರಾ ಫಾಸ್ಟೂ ಬಂತು.
ಬೀಳಲಿಲ್ಲ. ಬಹಳ ಹೊತ್ತು ನಿಲ್ಲಲೂ ಇಲ್ಲ.
ಎತ್ತಿದ ಕಾಲನ್ನು
ಅಂಚಿನವರೆಗೆ ತುಂಬಿದ ಲೋಟದ ಹಾಗೆ
ಸದ್ದಾಗದಂತೆ
ಕೆಳಗಿಟ್ಟೆ.