ಹತ್ತು ಎಣಿಸೂತನಕಾ

ಮೊದಲನೇದಕ್ಕ ಹೆಸರು ಇರಲಿಲ್ಲ.
ಸಿ.ಡಿ. ಮ್ಯಾಲೆ ಪರಶುರಾಮಸಾ ಬಾಕಳೆ
ನೀಲಿ ಸ್ಕೆಚ್ ಪೆನ್ನಿಲೆ ಬರದಿದ್ದ: ಹೆದರಿಕಿ.
ಬೆಟಗೇರಿಯೊಳಗ, ಮಗ್ಗದ ಮನಿಗಳ ನಡುವ ಅವನ ಅಂಗಡಿ,
ನಾಕು ಕಂಪ್ಯೂಟರು, ತಾಸಿಗೆ ಹದಿನೈದು ರೂಪಾಯಿ,
ಹೆಡ್‌ಫೋನಿನ ಬಲಗಿವಿ ಸತ್ತಿತ್ತು.
ಹಿಂಗಾಗಿ ನಮ್ಮ ಪಾಲಿಗೆ ಸಾವು
ಯಾವಾಗಲೂ ಎಡಗಡೆಯಿಂದನ ಬರತಿತ್ತು.

ಆಟ ಅಂದ್ರ ಇಷ್ಟ:
ನೆರಳಿನಾಗ ನಿಂದ್ರೂದು. ಉಸರು ಹಿಡಿಯೂದು.
ಕಾವಲುಗಾರ ಬೆನ್ನು ತಿರುವಿದಾಗ
ತಂತಿ ಹಾಕೂದು.
ಬಟನ್ ಎಷ್ಟು ಹೊತ್ತು ಒತ್ತತೀಯೋ
ಅಷ್ಟು ಕ್ರೂರ. ಹಂಗಂತ ಖಾಜಾಮೈನು ಹೇಳಿಕೊಟ್ಟಿದ್ದ,
ಎಂಟನೇತ್ತೆಗೆ ಎರಡು ಸಲ ಕೂತಾಂವ,
ಕೊಲ್ಲೂದ್ರಾಗ ಮೊದಲನೇ ನಂಬರು.

ಎಡಗಿವಿಯೊಳಗ ಕಾವಲುಗಾರನ ಬೂಟು,
ಬಲಗಿವಿಯೊಳಗ ಬಾಜೂ ಮನಿ ಮಗ್ಗ,
ಖಟಕ್ ಲಟಕ್ ಖಟಕ್ ಲಟಕ್.
ಒಮ್ಮೊಮ್ಮೆ ಕರೆಂಟ್ ಹೋಗತಿತ್ತು.
ಮಗ್ಗ ಎಲ್ಲಾ ಒಮ್ಮೆಲೆ ಸುಮ್ಮನಾಗತಿದ್ದವು,
ಓಣಿಗೆ ಓಣಿನ ಉಸರು ಹಿಡದಂಗ.
ಯು.ಪಿ.ಎಸ್. ಕುಂಯ್ ಕುಂಯ್ ಅನ್ನೂ ಆ ಏಳು ನಿಮಿಷ
ಕತ್ತಲಿ ಪಡದ್ಯಾಗೂ ಇತ್ತು, ಅಂಗಡ್ಯಾಗೂ ಇತ್ತು,
ನಡುವ ಗಾಜು ಇತ್ತೋ ಇಲ್ಲೋ, ನನಗ ನೆಂಪಿಲ್ಲ.

ತಂತಿ ಬಿಗಿದಾಗ ಆ ಮನಿಷಾ
ಕಾಲಿಲೆ ನೆಲಾ ಕೆದರತಿದ್ದ. ಒಂದು ಬೂಟು ಕಳಚತಿತ್ತು.
ಒಳಗ ತೂತು ಬಿದ್ದ ಕಾಲ್ಚೀಲ.
ಯಾವ ಪುಣ್ಯಾತ್ಮ ಕೂತು ತಗದಿದ್ದನೋ
ಹೆಬ್ಬಟ್ಟಿನ ಆ ತೂತು!
ನಾ ಬಟನ್ ಬಿಟ್ಟುಬಿಡತಿದ್ದೆ.
ಯಾರೋ ನನ್ನ ನೋಡಿಬಿಟ್ರು ಅನಸತಿತ್ತು.
ರಾತ್ರಿ ತುತ್ತು ಇಳೀತಿರಲಿಲ್ಲ.

ಈಗ ಎರಡನೇದು ಬಂದದ.
ರೊಕ್ಕಾ ಕೊಟ್ಟೇ ತೊಗೊಂಡೇನಿ, ಕದ್ದದ್ದಲ್ಲ,
ಎರಡೂ ಕಿವಿ ಜೀವಂತ ಇರೂ ಹೆಡ್‌ಫೋನು,
ಬಾಗಲಾ ಹಾಕ್ಕೊಂಡು ಕೂತೆ.

ಏನು ಹೇಳಲಿ.
ಕೊಲ್ಲೂಕಿಂತ ಮೊದಲ ಮಂದಿ ಮಾತಾಡತಾರ.
ಯಾಕ ಕೊಲ್ಲಬೇಕು ಅಂತ ಕನ್ನಡಕದಾಂವ ಒಬ್ಬ
ಕಾಲು ತಾಸು ತಿಳಿಸಿ ಹೇಳತಾನ.
ಮೊದಲನೇದ್ರಾಗ ಯಾರೂ ಏನೂ ಹೇಳಿರಲಿಲ್ಲ,
ಹಂಗಾಗಿ ತಪ್ಪು ನಂದಾಗಿತ್ತು.
ಇದ್ರಾಗ ಕತ್ತಲಿ ಅಂದ್ರ ನೀಲಿ ಬಣ್ಣ,
ಲಗ್ನದ ಪೆಂಡಾಲಿನ ಲೈಟಿನಂಗ.
ಅಡಗೀಯೋ ಇಲ್ಲೋ ಅಂತ ಮೂಲ್ಯಾಗಿನ ಒಂದು ಕಣ್ಣಿನ ಗುರ್ತು
ಮುಚ್ಚಿ ತಗದು ಹೇಳತದ,
ನಾ ಅಂಜೂ ಕೆಲಸಾನೂ ಅದ ಮಾಡಿ ಮುಗಸತದ.
ತಂತಿ ಬಿಗಿದ್ರ ಪಡದಿ ತುಂಬ ಕೆಂಪು ಮಂಜು.
ಕಾಲು ಕಾಣೂದಿಲ್ಲ. ಬೂಟು ಕಾಣೂದಿಲ್ಲ.
ಕ್ರೂರ ಕಡಿಮಿ ಮಾಡೇವಿ ಅಂತಾರ;
ಕಡಿಮಿ ಆದದ್ದು ಕಾಲ್ಚೀಲ.

ಮತ್ತ ಆ ಕಾವಲುಗಾರರು!
ಗೆಳೆಯನ ಹೆಣಾ ಕಾಲಾಗ ಬಿದ್ದದ,
"ಯಾರದಾರ ಅಲ್ಲೆ?" ಅಂತ ಒದರತಾರ,
ಹತ್ತು ಎಣಿಸೂದ್ರಾಗ ಮರತು
ಹೆಣಾ ದಾಟಿ, ಹೊಳ್ಳಿ ಸೀಟಿ ಹೊಡಕೋತ ತಿರುಗತಾರ.
ನಾ ಎಣಿಸಿ ನೋಡೇನಿ. ಬರೋಬ್ಬರಿ ಹತ್ತು.

ನಿನ್ನೆ ಮೂರು ತಾಸು ಆಡಿ ಬ್ಯಾಸರಾಗಿ
ಬಸ್‌ಸ್ಟ್ಯಾಂಡಿನ್ಯಾಗ ಚಾ ಸಿಕ್ರ ಸಿಗಲಿ ಅಂತ ಹೊರಗ ಬಿದ್ದೆ.
ಪರಶುರಾಮಸಾನ ಅಂಗಡಿ ಈಗ ಝೆರಾಕ್ಸು, ಶೆಟರ್ ಇಳದಿತ್ತು.
ಕರೆಂಟ್ ಹೋತು. ಓಣ್ಯಾಗ ಉಳಿದ ಎರಡು ಮಗ್ಗ ನಿಂತವು.
ಹಿಂದ ಚಪ್ಪಲಿ ಸಪ್ಪಳ.
ಎಡಗಡೆಯಿಂದ.
ಕಾಲು ತಾವೇ ಗ್ವಾಡಿ ಕಡೆ ಹೋದವು,
ಬೆನ್ನು ಹಚ್ಚಿದೆ, ಉಸರು ಹಿಡದೆ,
ಬೆರಳು ಗಾಳ್ಯಾಗ ಬಟನ್ ಹುಡುಕಿತು.

ಕಂಡಿಕಿ ಚೀಲ ಹಿಡಕೊಂಡ ಒಬ್ಬ ಮುದುಕ.
ಮೊಬೈಲಿನ ಬೆಳಕು ನನ್ನ ಕಡೆ ಹಿಡೀಲಿಕ್ಕೂ ಅಂಜಿ
ನೆಲಕ್ಕ ಹಿಡದು ಕೇಳಿದ,
"ಯಾರದಾರ ಅಲ್ಲೆ?"
ಮೂರು ತಾಸು ನಾ ಹುಡುಕಿದ್ದು
ಅವನ ಗಂಟಲದಾಗ ಇತ್ತು.
ನಾನ್ರೀ ಅಜ್ಜಾ ಅನ್ನಬೇಕಿತ್ತು. ಬಾಯಿ ಬರಲಿಲ್ಲ.
ಎಣಿಸಿದೆ. ಎಂಟು. ಒಂಬತ್ತು.
ಹತ್ತಾತು.
ಅವ ಮರೀಲಿಲ್ಲ,
ಅಲ್ಲೇ ನಿಂತಿದ್ದ,
ಒಂದು ಚಪ್ಪಲಿ ಕಾಲಿನಿಂದ ಕಳಚಿ.